ಜಮೀನಿನ ಕಡತದಲ್ಲಿ ಮನುಷ್ಯನ ಜಾಡು: ಗಡಿಸೀಮೆಯ ಸರ್ವೇಯರ್ ವಿಲಿಯಂ ಪ್ರೆಸ್ಟನ್‌ನನ್ನು ಹುಡುಕುವ ಬಗೆ

ಹದಿನೆಂಟನೆಯ ಶತಮಾನದ ವರ್ಜೀನಿಯಾದಲ್ಲಿ, ಬ್ಲೂ ರಿಜ್ ಬೆಟ್ಟಸಾಲಿನ ಆಚೆ ಯಾರು ಮರ ಕಡಿದು, ಗುಡಿಸಲು ಕಟ್ಟಿ, ಮೆಕ್ಕೆಜೋಳ ಬಿತ್ತಿದರೂ ಆ ನೆಲ ಕಾಗದದ ಮೇಲೆ ಅವರದಾಗಬೇಕಾದರೆ ಸರ್ವೇಯರ್ ಬಂದು ಅಳತೆ ಮಾಡಲೇಬೇಕಿತ್ತು. ಅವನ ಸಹಿ ನೂರಾರು ನಕ್ಷೆಗಳ ಕೆಳಗೆ ಸಿಗುತ್ತದೆ. ಅವನ ಹುಟ್ಟು, ಮದುವೆ, ಮಕ್ಕಳ ವಿವರ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಗಡಿಸೀಮೆಯಲ್ಲಿ ಚರ್ಚುಗಳ ಜನನ ದಾಖಲೆ ತೀರ ವಿರಳ. ಅಮೆರಿಕದ ಮೊದಲ ಜನಗಣತಿ ನಡೆದದ್ದು 1790ರಲ್ಲಿ. ವರ್ಜೀನಿಯಾದ ಮಟ್ಟಿಗೆ ಅದರ ಮೂಲ ಪಟ್ಟಿಗಳೂ ಉಳಿದಿಲ್ಲ.

ಹಾಗಾಗಿ ಇಂಥವನ ಜೀವನ ಮತ್ತು ವಂಶವನ್ನು ಬಿಡಿಸುವಾಗ ಹೆಸರಿನ ಬೆನ್ನು ಹತ್ತುವುದಕ್ಕಿಂತ ನೆಲದ ಬೆನ್ನು ಹತ್ತಬೇಕು. ಯಾವ ನೆಲ, ಯಾವ ವರ್ಷ, ಯಾರ ಪಕ್ಕದಲ್ಲಿ, ಯಾರು ಸಾಕ್ಷಿ ಎಂಬ ಪ್ರಶ್ನೆಗಳಿಂದ ಹೊರಟರೆ ಮನುಷ್ಯ ತಾನಾಗಿ ಕಾಣಿಸಿಕೊಳ್ಳುತ್ತಾನೆ. ಇದನ್ನು ಒಂದು ನಿಜವಾದ ಉದಾಹರಣೆಯಿಂದ ನೋಡೋಣ.

ವಿಲಿಯಂ ಪ್ರೆಸ್ಟನ್ ಯಾರು?

ಪ್ರೆಸ್ಟನ್ 1729ರಲ್ಲಿ ಉತ್ತರ ಐರ್ಲೆಂಡಿನ ಲಿಮವಾಡಿಯಲ್ಲಿ ಹುಟ್ಟಿದ. ತಂದೆ ಜಾನ್ ಪ್ರೆಸ್ಟನ್, ತಾಯಿ ಎಲಿಜಬೆತ್ ಪ್ಯಾಟನ್. 1738ರ ಸುಮಾರಿಗೆ ಸೋದರಮಾವ ಜೇಮ್ಸ್ ಪ್ಯಾಟನ್ ಜೊತೆ ಈ ಕುಟುಂಬ ವರ್ಜೀನಿಯಾಕ್ಕೆ ಬಂತು. ಹಡಗಿನ ಕಪ್ತಾನನಾಗಿದ್ದ ಪ್ಯಾಟನ್ ಇಲ್ಲಿ ಭೂ ವ್ಯವಹಾರಕ್ಕಿಳಿದ. 1745ರಲ್ಲಿ ಅವನಿಗೂ ಅವನ ಪಾಲುದಾರರಿಗೂ ಪಶ್ಚಿಮದಲ್ಲಿ 1,00,000 ಎಕರೆ ಮಂಜೂರಾಯಿತು. ಸೋದರಳಿಯ ಮೊದಲು ಆಗಸ್ಟಾ ಕೌಂಟಿಯಲ್ಲಿ ಉಪ ಸರ್ವೇಯರ್ ಆದ. ಮುಂದೆ ಬಾಟಟಾಟ್, ಫಿನ್‌ಕ್ಯಾಸಲ್, ಮಾಂಟ್‌ಗೊಮೆರಿ ಕೌಂಟಿಗಳ ಸರ್ವೇಯರ್ ಆದ. 1761ರಲ್ಲಿ ಹ್ಯಾನೋವರ್ ಕೌಂಟಿಯ ಸುಸನ್ನಾ ಸ್ಮಿತ್‌ಳನ್ನು ಮದುವೆಯಾದ. ಈಗಿನ ಬ್ಲ್ಯಾಕ್ಸ್‌ಬರ್ಗ್‌ನಲ್ಲಿ ತಾನು ಕಟ್ಟಿಸಿದ ತೋಟಮನೆಗೆ ಆಕೆಯ ತವರಿನ ಹೆಸರು ಸೇರಿಸಿ ಸ್ಮಿತ್‌ಫೀಲ್ಡ್ ಎಂದು ಕರೆದ. ಹನ್ನೆರಡು ಮಕ್ಕಳಾದವು. 1783ರ ಜೂನ್‌ನಲ್ಲಿ ತೀರಿಕೊಂಡ. ಸುಸನ್ನಾ 1823ರವರೆಗೆ ಬದುಕಿದ್ದಳು.

ಈ ಒಂದು ಪ್ಯಾರಾದಷ್ಟು ವಿವರ ಒಂದೇ ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ಹತ್ತಾರು ಕಡತಗಳಿಂದ ಕೂಡಿಸಿದಾಗ ಬಂದದ್ದು. ಆ ಕೂಡಿಸುವ ಕೆಲಸ ಹೀಗೆ ಸಾಗುತ್ತದೆ.

ಮೊದಲು ಜಮೀನಿನ ಕಾಗದ ಹುಟ್ಟುವ ಕ್ರಮ ತಿಳಿಯಿರಿ

ವಸಾಹತು ಕಾಲದ ವರ್ಜೀನಿಯಾದಲ್ಲಿ ನೆಲ ಪಡೆಯಲು ನಾಲ್ಕು ಹಂತಗಳಿದ್ದವು. ಮೊದಲನೆಯದು ಹಕ್ಕು. ಪ್ರತಿ 50 ಎಕರೆಗೆ 5 ಶಿಲಿಂಗ್ ಕಟ್ಟಿ ಹಕ್ಕು ಕೊಳ್ಳಬಹುದಿತ್ತು. ದೊಡ್ಡ ಕಂಪನಿಗಳಿಗೆ ರಾಜ್ಯಪಾಲರ ಸಭೆಯೇ ಲಕ್ಷಗಟ್ಟಲೆ ಎಕರೆ ಮಂಜೂರು ಮಾಡುತ್ತಿತ್ತು. 1749ರಲ್ಲಿ ಲಾಯಲ್ ಕಂಪನಿಗೆ 8,00,000 ಎಕರೆ ಸಿಕ್ಕಿತು. ಯುದ್ಧದಲ್ಲಿ ಸೇವೆ ಮಾಡಿದವರಿಗೆ 1763ರ ರಾಜಘೋಷಣೆಯ ಪ್ರಕಾರ ಹಿರಿಯ ಅಧಿಕಾರಿಗೆ 5,000, ಕ್ಯಾಪ್ಟನ್‌ಗೆ 3,000, ಸಾಮಾನ್ಯ ಸಿಪಾಯಿಗೆ 50 ಎಕರೆ.

ಎರಡನೆಯದು ಕೌಂಟಿ ಸರ್ವೇಯರ್ ಹತ್ತಿರ ‘ಇಂಥ ಹಳ್ಳದ ಪಕ್ಕ ಇಷ್ಟು ಎಕರೆ’ ಎಂದು ದಾಖಲು ಮಾಡಿಸುವುದು. ಮೂರನೆಯದು ಅಳತೆ ಮತ್ತು ನಕ್ಷೆ. ನಾಲ್ಕನೆಯದು ರಾಜ್ಯಪಾಲರ ಸಹಿಯ ಹಕ್ಕುಪತ್ರ. ಪಡೆದವನು ಮೂರು ವರ್ಷದೊಳಗೆ 50 ಎಕರೆಗೆ 3 ಎಕರೆಯಂತೆ ಸಾಗುವಳಿ ಮಾಡಬೇಕು, ಕಂದಾಯ ಕಟ್ಟಬೇಕು.

ಈ ನಾಲ್ಕು ಹಂತಗಳಿಗೆ ನಾಲ್ಕು ಬೇರೆ ದಿನಾಂಕಗಳಿರುತ್ತವೆ. ಅಳತೆಗೂ ಹಕ್ಕುಪತ್ರಕ್ಕೂ ನಡುವೆ ವರ್ಷಗಟ್ಟಲೆ ಅಂತರ ಬರುವುದುಂಟು. ಅಷ್ಟರಲ್ಲಿ ಅರ್ಜಿದಾರ ಸತ್ತು, ಹಕ್ಕು ಮಗನಿಗೋ ಅಳಿಯನಿಗೋ ವರ್ಗವಾಗಿರಬಹುದು. ವಂಶ ಹುಡುಕುವವರಿಗೆ ಅತ್ಯಂತ ಬೆಲೆಬಾಳುವುದು ಈ ವರ್ಗಾವಣೆಯ ಒಕ್ಕಣೆ. ಹಕ್ಕುಪತ್ರ ಮಾತ್ರ ನೋಡಿ ತೃಪ್ತರಾದವರಿಗೆ ಅದು ತಪ್ಪಿಹೋಗುತ್ತದೆ. ಹಕ್ಕುಪತ್ರಗಳ ಪುಸ್ತಕಗಳು ರಿಚ್‌ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾದಲ್ಲಿವೆ. ಅವುಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ವೇ ಪುಸ್ತಕಗಳು ಸಾಮಾನ್ಯವಾಗಿ ಆಯಾ ಕೌಂಟಿ ಕೋರ್ಟಿನಲ್ಲಿರುತ್ತವೆ.

ಸರ್ವೇಯರ್‌ನ ನೇಮಕದ ಕಾಗದವನ್ನೂ ಬೇರೆ ಕಡೆ ಹುಡುಕಬೇಕು. 1693ರ ಸನದಿನ ಪ್ರಕಾರ ಸರ್ವೇಯರ್‌ಗಳ ಮೇಲಿನ ಅಧಿಕಾರ ವಿಲಿಯಂ ಅಂಡ್ ಮೇರಿ ಕಾಲೇಜಿಗಿತ್ತು. ಕೌಂಟಿ ಸರ್ವೇಯರ್‌ಗಳು ಅಲ್ಲಿಂದ ಸನದು ಪಡೆದು, ತಮ್ಮ ಶುಲ್ಕದ ಆರನೆಯ ಒಂದು ಪಾಲನ್ನು ಕಾಲೇಜಿಗೆ ಕೊಡುತ್ತಿದ್ದರು. ಜಾರ್ಜ್ ವಾಷಿಂಗ್ಟನ್ ಹದಿನೇಳನೆಯ ವಯಸ್ಸಿನಲ್ಲಿ, 1749ರಲ್ಲಿ, ಕಲ್ಪೆಪರ್ ಕೌಂಟಿಯ ಸರ್ವೇಯರ್ ಆದದ್ದು ಇದೇ ಕಾಲೇಜಿನ ಸನದಿನಿಂದ.

ಒಂದು ಸರ್ವೇ ಓದುವುದು ಹೇಗೆ?

ಇಲ್ಲಿ ನಮ್ಮ ಓದುಗರಿಗೆ ಒಂದು ಅನುಕೂಲವಿದೆ. ಎಕರೆ, ಗುಂಟೆ, ಚಕ್ಕುಬಂದಿ ನಮಗೆ ಹೊಸದಲ್ಲ. ಎಡ್ಮಂಡ್ ಗಂಟರ್ 1620ರಲ್ಲಿ ರೂಪಿಸಿದ ಸರಪಳಿಯ ಉದ್ದ 66 ಅಡಿ. ಅದರಲ್ಲಿ 100 ಲಿಂಕು. ನಾಲ್ಕು ಪೋಲ್ ಸೇರಿದರೆ ಒಂದು ಸರಪಳಿ, ಅಂದರೆ ಒಂದು ಪೋಲ್ 16.5 ಅಡಿ. ದಟ್ಟ ಕಾಡಿನಲ್ಲಿ ಉದ್ದ ಸರಪಳಿ ಎಳೆಯುವುದು ಕಷ್ಟವಾದ್ದರಿಂದ ಗಡಿಸೀಮೆಯವರು 33 ಅಡಿಯ ಅರ್ಧ ಸರಪಳಿ ಬಳಸುತ್ತಿದ್ದರು. ಆ 33 ಅಡಿಯ ಚೌಕವೇ ಇಂದಿಗೂ ಕರ್ನಾಟಕದ ಪಹಣಿಯಲ್ಲಿರುವ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕವೂ, 160 ಚದರ ಪೋಲ್‌ಗೆ ಒಂದು ಎಕರೆ ಎಂಬ ವರ್ಜೀನಿಯಾದ ಲೆಕ್ಕವೂ ಒಂದೇ ಅಳತೆಯ ಎರಡು ರೂಪಗಳು.

ವರ್ಜೀನಿಯಾದ ಸರ್ವೇಯಲ್ಲಿ ಚಕ್ಕುಬಂದಿಯನ್ನು ಮೂಲೆಯಿಂದ ಮೂಲೆಗೆ ಹೇಳುತ್ತಾರೆ. ‘ಹಳ್ಳದ ದಡದ ಬಿಳಿ ಓಕ್ ಮರದಿಂದ ಶುರು, ಅಲ್ಲಿಂದ ಉತ್ತರಕ್ಕೆ 40 ಡಿಗ್ರಿ ಪೂರ್ವವಾಗಿ 120 ಪೋಲ್, ಎರಡು ಹಿಕರಿ ಮರಗಳವರೆಗೆ’ ಎನ್ನುವ ಧಾಟಿ ಅದು. 120 ಪೋಲ್ ಎಂದರೆ 1,980 ಅಡಿ. ಹೀಗೆ ಸುತ್ತಿ ಬಂದು ಮೊದಲ ಮರಕ್ಕೇ ಮುಗಿಯಬೇಕು. 320 ಪೋಲ್ ಉದ್ದ, 200 ಪೋಲ್ ಅಗಲದ ಆಯತ 400 ಎಕರೆಯಾಗುತ್ತದೆ.

ನೀವೇ ಗ್ರಾಫ್ ಹಾಳೆಯ ಮೇಲೆ ಬಿಡಿಸಿ ನೋಡಿ. ಮರಗಳು ಈಗ ಇಲ್ಲ, ಹಳ್ಳ ಮಾತ್ರ ಉಳಿದಿರುತ್ತದೆ. ಆಧುನಿಕ ಭೂಪಟದ ಮೇಲೆ ಕೂಡಿಸುವಾಗ ಹಳ್ಳದ ತಿರುವುಗಳೇ ಆಧಾರ. ಅಂದಿನ ಸರ್ವೇಯರ್ ನೋಡಿದ್ದು ದಿಕ್ಸೂಚಿಯ ಉತ್ತರವನ್ನು. ಕಾಂತೀಯ ಉತ್ತರ ಕಾಲದಿಂದ ಕಾಲಕ್ಕೆ ಸರಿಯುವುದರಿಂದ ಇಡೀ ನಕ್ಷೆಯನ್ನು ಕೆಲವು ಡಿಗ್ರಿ ತಿರುಗಿಸಬೇಕಾಗುತ್ತದೆ. ಅಕ್ಕಪಕ್ಕದ ನಾಲ್ಕಾರು ಜಮೀನುಗಳನ್ನು ಹೀಗೆ ಜೋಡಿಸಿದರೆ ಒಂದು ಕಣಿವೆಯ ನೆರೆಹೊರೆ ಪೂರ್ತಿ ಕಾಣುತ್ತದೆ. ಗಡಿಸೀಮೆಯಲ್ಲಿ ನೆಂಟಸ್ತನಗಳು ಬೆಳೆದದ್ದು ಹೆಚ್ಚಾಗಿ ಆ ನೆರೆಹೊರೆಯೊಳಗೇ.

ನಕ್ಷೆಯ ಮೂಲೆಯಲ್ಲಿ ಸರಪಳಿ ಹಿಡಿದವರ ಹೆಸರುಗಳಿದ್ದರೆ ಬಿಡದೆ ಬರೆದುಕೊಳ್ಳಿ. ಉತ್ತರ ಕ್ಯಾರೊಲಿನಾದ ನಕ್ಷೆಗಳಲ್ಲಿ, 1779ರ ನಂತರದ ಕೆಂಟಕಿಯ ನಕ್ಷೆಗಳಲ್ಲಿ ಇವು ಹೆಚ್ಚಾಗಿ ಸಿಗುತ್ತವೆ. ಇವರು ಪ್ರಮಾಣ ಮಾಡಿ ಕೆಲಸ ಮಾಡಿದವರು; ಎಷ್ಟೋ ಸಲ ಜಮೀನು ಪಡೆಯುವವನ ತಮ್ಮ, ಮಗ, ಭಾವಮೈದ ಅಥವಾ ಪಕ್ಕದ ಜಮೀನಿನವನು.

ಊರು ಅಲ್ಲೇ, ಕೌಂಟಿ ಬೇರೆ

ಪ್ರೆಸ್ಟನ್ ಕಡೆಗೆ ನೆಲಸಿದ ಜಾಗವನ್ನೇ ತೆಗೆದುಕೊಳ್ಳಿ. 1734ರಲ್ಲಿ ಆರೆಂಜ್ ಕೌಂಟಿ ಹುಟ್ಟಿದಾಗ ಅದು ಪಶ್ಚಿಮದ ಅಳತೆಯಿಲ್ಲದ ನೆಲವನ್ನೆಲ್ಲ ಒಳಗೊಂಡಿತ್ತು. 1738ರಲ್ಲಿ ಅದರಿಂದ ಆಗಸ್ಟಾ ಬೇರ್ಪಟ್ಟಿತು, ಆದರೆ ಅಲ್ಲಿ ಕೋರ್ಟು ಶುರುವಾದದ್ದು 1745ರಲ್ಲಿ. 1770ರಲ್ಲಿ ಬಾಟಟಾಟ್, 1772ರಲ್ಲಿ ಫಿನ್‌ಕ್ಯಾಸಲ್ ಬಂದವು. 1776ರ ಕೊನೆಗೆ ಫಿನ್‌ಕ್ಯಾಸಲ್ ಕೌಂಟಿಯನ್ನೇ ರದ್ದು ಮಾಡಿ ಕೆಂಟಕಿ, ವಾಷಿಂಗ್ಟನ್, ಮಾಂಟ್‌ಗೊಮೆರಿ ಎಂದು ಮೂರು ಭಾಗ ಮಾಡಿದರು. ಮನೆ ಬದಲಿಸದ ಒಬ್ಬ ರೈತನ ಕಾಗದಗಳು ಹೀಗೆ ಐದು ಕೌಂಟಿಗಳಲ್ಲಿ ಚದುರಿಹೋದವು.

ಹೊಸಬರು ಎಡವುವ ಜಾಗವೂ ಇದೇ. ಫಿನ್‌ಕ್ಯಾಸಲ್ ಎಂಬ ಊರು ಈಗ ಬಾಟಟಾಟ್ ಕೌಂಟಿಯ ಕೇಂದ್ರ. ಆದರೆ ರದ್ದಾದ ಫಿನ್‌ಕ್ಯಾಸಲ್ ಕೌಂಟಿಯ ದಾಖಲೆಗಳಿರುವುದು ಅಲ್ಲಲ್ಲ. ಮಾಂಟ್‌ಗೊಮೆರಿಯ ಕೇಂದ್ರವಾದ ಕ್ರಿಶ್ಚಿಯನ್ಸ್‌ಬರ್ಗ್‌ನಲ್ಲಿ. ಆಗಸ್ಟಾದ ದಾಖಲೆಗಳು ಸ್ಟ್ಯಾಂಟನ್‌ನಲ್ಲಿವೆ. ಆದ್ದರಿಂದ ಹುಡುಕಾಟ ಶುರುಮಾಡುವ ಮೊದಲು ಒಂದು ಹಾಳೆಯಲ್ಲಿ ವರ್ಷ, ಆ ವರ್ಷ ಆ ಜಾಗ ಸೇರಿದ್ದ ಕೌಂಟಿ, ಅದರ ದಾಖಲೆ ಈಗಿರುವ ಊರು ಎಂದು ಮೂರು ಕಾಲಂ ಹಾಕಿಕೊಳ್ಳಿ. ಈ ಕೌಂಟಿಗಳ ಬಹಳಷ್ಟು ಪುಸ್ತಕಗಳ ಚಿತ್ರಗಳು ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ದಿನಾಂಕದ ಗಂಟು

1752ಕ್ಕೆ ಮೊದಲು ಬ್ರಿಟಿಷ್ ವಸಾಹತುಗಳಲ್ಲಿ ಹೊಸ ವರ್ಷ ಬರುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ 1745ರ ಫೆಬ್ರುವರಿ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1746. ಆ ಕಾಲದವರು ಎಷ್ಟೋ ಸಲ 1745/46 ಎಂದು ಎರಡನ್ನೂ ಬರೆಯುತ್ತಿದ್ದರು. 1752ರಲ್ಲಿ ಪಂಚಾಂಗ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವೇ ಸೆಪ್ಟೆಂಬರ್ 14 ಬಂತು. ವಾಷಿಂಗ್ಟನ್ ಹುಟ್ಟಿದ್ದು ಹಳೆಯ ಲೆಕ್ಕದಲ್ಲಿ ಫೆಬ್ರುವರಿ 11, ಹೊಸ ಲೆಕ್ಕದಲ್ಲಿ ಫೆಬ್ರುವರಿ 22. ದಾಖಲೆಯಲ್ಲಿ ಕಂಡಂತೆಯೇ ಮೊದಲು ಬರೆದುಕೊಳ್ಳಿ. ತಿದ್ದಿದ ದಿನಾಂಕವನ್ನು ಪಕ್ಕದಲ್ಲಿ ಬೇರೆಯಾಗಿ ಗುರುತಿಸಿ. ಹೀಗೆ ಮಾಡದಿದ್ದರೆ ಮದುವೆಗೆ ಮೊದಲೇ ಮಗು ಹುಟ್ಟಿದಂತೆ, ಸತ್ತ ಮೇಲೆ ಉಯಿಲು ಬರೆದಂತೆ ಕಾಣುವ ಗೊಂದಲ ಖಂಡಿತ.

ಸಂಬಂಧ ಬಿಡಿಸುವ ಕಾಗದಗಳು

ಮೊದಲು ಸಾವಿನ ಕಾಗದ ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಉಯಿಲಿನಲ್ಲಿ ಹೆಂಡತಿ, ಮಕ್ಕಳು, ಅಳಿಯಂದಿರು ಒಟ್ಟಿಗೆ ಸಿಗುತ್ತಾರೆ. ಒಂದು ಎಚ್ಚರಿಕೆ: 1785ರ ಕಾನೂನು ಬರುವವರೆಗೆ ವರ್ಜೀನಿಯಾದಲ್ಲಿ ಉಯಿಲಿಲ್ಲದೆ ಸತ್ತವನ ಜಮೀನು ಹಿರಿಯ ಮಗನಿಗೇ ಹೋಗುತ್ತಿತ್ತು. ಆದ್ದರಿಂದ ಉಯಿಲಿನಲ್ಲಿ ಹಿರಿಯ ಮಗನ ಹೆಸರಿಲ್ಲದಿದ್ದರೆ ಅವನು ಇರಲಿಲ್ಲ ಎಂದು ತೀರ್ಮಾನಿಸಬೇಡಿ; ಅವನ ಪಾಲು ಮೊದಲೇ ಮುಟ್ಟಿರಬಹುದು.

ಕ್ರಯಪತ್ರಗಳಲ್ಲಿ ಹೆಂಡತಿ ಗಂಡ ಸತ್ತ ಮೇಲೆ ಆ ಜಮೀನಿನಲ್ಲಿ ತನಗೆ ಬರಬೇಕಾದ ಪಾಲಿನ ಹಕ್ಕು ಬಿಟ್ಟುಕೊಟ್ಟ ಹೇಳಿಕೆ ಇರುತ್ತದೆ. ಎಷ್ಟೋ ಹೆಂಗಸರ ಹೆಸರು ಉಳಿದಿರುವುದೇ ಆ ಒಂದು ಸಾಲಿನಲ್ಲಿ. ಮದುವೆಯ ಜಾಮೀನು ಪತ್ರದಲ್ಲಿ ವರನ ಜೊತೆ ಸಹಿ ಹಾಕಿದವನು ಅನೇಕ ಸಲ ವಧುವಿನ ಅಪ್ಪ ಅಥವಾ ಅಣ್ಣ. ತೆರಿಗೆ ಪಟ್ಟಿಯಲ್ಲಿ ಹದಿನಾರು ತುಂಬಿದ ಗಂಡುಮಕ್ಕಳನ್ನು ಎಣಿಸುತ್ತಿದ್ದರು. ಒಂದು ಮನೆಯ ಲೆಕ್ಕ ಒಂದರಿಂದ ಎರಡಾದ ವರ್ಷ ಒಬ್ಬ ಮಗ ಹದಿನಾರಕ್ಕೆ ಬಂದಿರುವ ಸಂಭವವಿದೆ. ಕೋರ್ಟು ಯಾರನ್ನಾದರೂ ಅನಾಥ ಎಂದರೆ ತಂದೆ ಇಲ್ಲ ಎಂದಷ್ಟೇ ಅರ್ಥ, ತಾಯಿ ಬದುಕಿರಬಹುದು.

ಎಲ್ಲಕ್ಕಿಂತ ಫಲ ಕೊಡುವುದು ಆಸ್ತಿ ವ್ಯಾಜ್ಯಗಳು. ಚಾನ್ಸರಿ ಕೋರ್ಟಿನ ಮೊಕದ್ದಮೆಗಳಲ್ಲಿ ವಾರಸುದಾರರೆಲ್ಲರ ಹೆಸರು, ಯಾರು ಯಾವ ಸೀಮೆಗೆ ವಲಸೆ ಹೋದರು, ಹಳೆಯ ನೆರೆಯವರ ಸಾಕ್ಷಿ, ಸಾಕ್ಷಿಯ ವಯಸ್ಸು ಎಲ್ಲವೂ ಇರುತ್ತವೆ. ಜೇಮ್ಸ್ ಪ್ಯಾಟನ್‌ನ ಭೂ ವ್ಯವಹಾರಗಳು ಅವನು ಸತ್ತ ಮೇಲೂ ದಶಕಗಟ್ಟಲೆ ಕೋರ್ಟು ಹತ್ತಿದವು. ಅವನಿಗಿದ್ದವರು ಇಬ್ಬರು ಹೆಣ್ಣುಮಕ್ಕಳು. ಒಬ್ಬಳ ಗಂಡ ಜಾನ್ ಬುಕಾನನ್ ಕೂಡ ಸರ್ವೇಯರ್. ಆಗಸ್ಟಾದ ಮೊಕದ್ದಮೆಗಳ ಮೂಲ ಕಾಗದಗಳನ್ನು ಲೈಬ್ರರಿ ಆಫ್ ವರ್ಜೀನಿಯಾ ತನ್ನ ತಾಣದಲ್ಲಿ ಹಾಕಿದೆ. ಲೈಮನ್ ಚಾಕ್ಲಿ 1912ರಲ್ಲಿ ಮೂರು ಸಂಪುಟಗಳಲ್ಲಿ ತಂದ ಆಗಸ್ಟಾ ಕೋರ್ಟಿನ ಸಾರಾಂಶ ದಾರಿ ತೋರಿಸಲು ಒಳ್ಳೆಯದು. ಅದರಲ್ಲಿ ತಪ್ಪುಗಳಿವೆ; ಮೂಲದೊಂದಿಗೆ ತಾಳೆ ನೋಡದೆ ಅದರಿಂದ ಏನನ್ನೂ ಎತ್ತಿಕೊಳ್ಳಬಾರದು.

ಖಾಸಗಿ ಪತ್ರಗಳು ದೂರದಲ್ಲಿವೆ

ಪ್ರೆಸ್ಟನ್‌ನ ಕಾಗದಗಳ ದೊಡ್ಡ ಭಾಗ ಇರುವುದು ವರ್ಜೀನಿಯಾದಲ್ಲಲ್ಲ, ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ. ಲೈಮನ್ ಡ್ರೇಪರ್ (1815–1891) ಎಂಬ ಸಂಗ್ರಾಹಕ ಗಡಿಸೀಮೆಯ ಕುಟುಂಬಗಳಿಂದ ಹಳೆಯ ಪತ್ರಗಳನ್ನು ಜೀವಮಾನವೆಲ್ಲ ಕೂಡಿಹಾಕಿ, ತಾನು ಕಾರ್ಯದರ್ಶಿಯಾಗಿದ್ದ ಅಲ್ಲಿನ ಹಿಸ್ಟಾರಿಕಲ್ ಸೊಸೈಟಿಗೆ ಬಿಟ್ಟುಹೋದ. ಅದರಲ್ಲಿ ಪ್ರೆಸ್ಟನ್ ಕಾಗದಗಳಿಗೇ ಒಂದು ಪ್ರತ್ಯೇಕ ಶ್ರೇಣಿಯಿದೆ. ಅವನ 1756ರ ಸ್ಯಾಂಡಿ ಕ್ರೀಕ್ ದಂಡಯಾತ್ರೆಯ ದಿನಚರಿ, ಆಗಸ್ಟಾದಲ್ಲಿ ದಾಳಿಗಳಿಗೆ ಸಿಕ್ಕಿ ಸತ್ತವರ, ಗಾಯಗೊಂಡವರ, ಸೆರೆಯಾದವರ ಪಟ್ಟಿ ಅಲ್ಲಿ ಸಿಗುತ್ತವೆ. ವಾಷಿಂಗ್ಟನ್‌ನೊಂದಿಗೆ ನಡೆದ ಪತ್ರ ವ್ಯವಹಾರ ಫೌಂಡರ್ಸ್ ಆನ್‌ಲೈನ್ ತಾಣದಲ್ಲಿದೆ.

ಸರ್ವೇಯರ್‌ನ ಸಹಾಯಕರನ್ನು ಕುಟುಂಬದವರಂತೆಯೇ ಗಮನಿಸಬೇಕು. ಜಾನ್ ಫ್ಲಾಯ್ಡ್ ಎಂಬ ಯುವಕ ಪ್ರೆಸ್ಟನ್‌ನ ಮನೆಯಲ್ಲಿದ್ದು ಉಪ ಸರ್ವೇಯರ್ ಆದ. 1774ರಲ್ಲಿ ಪ್ರೆಸ್ಟನ್ ಅವನನ್ನೂ ಹ್ಯಾಂಕಾಕ್ ಟೇಲರ್, ಜೇಮ್ಸ್ ಡಗ್ಲಸ್ ಮೊದಲಾದವರನ್ನೂ ಕೆಂಟಕಿಯ ಅಳತೆಗೆ ಕಳಿಸಿದ. ಆ ಬೇಸಿಗೆಯಲ್ಲಿ ಮೂಲನಿವಾಸಿಗಳೊಂದಿಗೆ ಯುದ್ಧ ಹತ್ತಿರವಾದಾಗ ಇವರನ್ನು ಎಚ್ಚರಿಸಲು ಡೇನಿಯಲ್ ಬೂನ್ ಮತ್ತು ಮೈಕೆಲ್ ಸ್ಟೋನರ್ ಕಾಡಿಗೆ ಹೋದರು. ಅಷ್ಟರಲ್ಲೇ ಟೇಲರ್ ಗುಂಡೇಟಿನಿಂದ ಸತ್ತ; ಮುಂದೆ ಅಧ್ಯಕ್ಷನಾದ ಜಕಾರಿ ಟೇಲರ್‌ಗೆ ಅವನು ದೊಡ್ಡಪ್ಪ. ಫ್ಲಾಯ್ಡ್ 1783ರಲ್ಲಿ ಕೆಂಟಕಿಯಲ್ಲಿ ಕೊಲೆಯಾದ. ಅವನು ಸತ್ತ ಮೇಲೆ ಹುಟ್ಟಿದ ಮಗನಿಗೂ ಜಾನ್ ಫ್ಲಾಯ್ಡ್ ಎಂದೇ ಹೆಸರು. ಆ ಮಗ ಪ್ರೆಸ್ಟನ್‌ನ ಮಗಳು ಲೆಟಿಷಿಯಾಳನ್ನು ಮದುವೆಯಾಗಿ ವರ್ಜೀನಿಯಾದ ರಾಜ್ಯಪಾಲನಾದ. ಕಚೇರಿಯ ಸಂಬಂಧ ಒಂದು ತಲೆಮಾರಿನಲ್ಲಿ ನೆಂಟಸ್ತನವಾಯಿತು.

ಹೆಸರು ಒಂದೇ ಆದಾಗ ಎಚ್ಚರ ಇರಲಿ. ವಿಲಿಯಂ ಪ್ರೆಸ್ಟನ್ ಎಂಬ ಹೆಸರಿನ ಮಗನೂ ಇದ್ದ, ಮೊಮ್ಮಗನೂ ಇದ್ದ. ಇವರನ್ನು ಬೇರ್ಪಡಿಸುವುದು ಹೆಂಡತಿಯ ಹೆಸರು, ಜಮೀನಿನ ಹಳ್ಳ, ಹುದ್ದೆ ಮತ್ತು ಸಹಿಯ ಬರವಣಿಗೆ.

ಮನೆತನದ ಕಥೆಯನ್ನು ಒರೆಗೆ ಹಚ್ಚುವುದು

1755ರ ಜುಲೈನಲ್ಲಿ ಡ್ರೇಪರ್ಸ್ ಮೆಡೋ ಎಂಬ ನೆಲೆಯ ಮೇಲೆ ಶಾವ್ನಿ ಎಂಬ ಮೂಲನಿವಾಸಿ ಜನರ ಯೋಧರು ದಾಳಿ ಮಾಡಿದರು. ಜೇಮ್ಸ್ ಪ್ಯಾಟನ್ ಸತ್ತ, ಮೇರಿ ಇಂಗಲ್ಸ್ ಸೆರೆಯಾದಳು. ಪ್ರೆಸ್ಟನ್ ಆಗ ಬೇರೆ ಕಡೆ ಹೋಗಿದ್ದರಿಂದ ಉಳಿದನೆಂದು ಮನೆತನದ ಕಥೆ. ಜಾನ್ ಹೇಲ್ 1886ರಲ್ಲಿ ಬರೆದ ಪುಸ್ತಕ ಈ ದಾಳಿ ನಡೆದದ್ದು ಜುಲೈ 8, ಭಾನುವಾರ ಎನ್ನುತ್ತದೆ. ಲೆಕ್ಕ ಹಾಕಿದರೆ ಆ ದಿನ ಮಂಗಳವಾರ. ಆ ಕಾಲದಲ್ಲೇ ಬರೆದ ಪ್ರೆಸ್ಟನ್‌ನ ಸ್ವಂತ ಪಟ್ಟಿಯಲ್ಲಿ ದಿನಾಂಕ ಜುಲೈ 30. ಅವನ ಮಗಳು ಲೆಟಿಷಿಯಾ 1843ರಲ್ಲಿ ತನ್ನ ಮಗನಿಗೆ ಮನೆತನದ ಕಥೆಯನ್ನು ದೀರ್ಘ ಪತ್ರದಲ್ಲಿ ಬರೆದಳು. ಆಕೆ ಹುಟ್ಟಿದ್ದು 1779ರಲ್ಲಿ. ತಂದೆ ಸತ್ತಾಗ ಇನ್ನೂ ನಾಲ್ಕು ತುಂಬಿರಲಿಲ್ಲ. ಅಂದರೆ ಆಕೆ ಬರೆದದ್ದು ಕಂಡದ್ದಲ್ಲ, ತಾಯಿ ಮತ್ತು ಹಿರಿಯರಿಂದ ಕೇಳಿದ್ದು.

ಆ ಪತ್ರವನ್ನು ತಳ್ಳಿಹಾಕಬೇಕಿಲ್ಲ. ನೆಂಟಸ್ತನದ ವಿಷಯದಲ್ಲಿ ಹೆಣ್ಣುಮಕ್ಕಳ ನೆನಪು ಕೋರ್ಟಿನ ಕಾಗದಕ್ಕಿಂತ ತುಂಬಿಕೊಂಡಿರುತ್ತದೆ. ದಿನಾಂಕ, ಸಂಖ್ಯೆ, ಶೌರ್ಯದ ವಿವರಗಳಿಗೆ ಮಾತ್ರ ಘಟನೆಯ ಹತ್ತಿರದ ಕಾಲದ ದಾಖಲೆ ಬೇಕು. ಪ್ರತಿ ಸಂಗತಿಯ ಮುಂದೆ ‘ಯಾರು ಹೇಳಿದರು, ಯಾವಾಗ, ಅವರಿಗೆ ಗೊತ್ತಾದದ್ದು ಹೇಗೆ’ ಎಂದು ಬರೆಯುವ ಅಭ್ಯಾಸ ಇದ್ದರೆ ಕಥೆಯೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

ನಕ್ಷೆಯಲ್ಲಿ ಹೆಸರಿಲ್ಲದವರು

ಸರ್ವೇಯರ್ ಅಳೆದ ನೆಲ ಖಾಲಿ ನೆಲವಾಗಿರಲಿಲ್ಲ. 1768ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಓಹಾಯೊ ನದಿಯ ದಕ್ಷಿಣದ ನೆಲವನ್ನು ಬಿಟ್ಟುಕೊಟ್ಟವರು ಇರಾಕ್ವಾ ಜನ. ಅಲ್ಲಿ ಬೇಟೆಯಾಡಿ ಬದುಕುತ್ತಿದ್ದ ಶಾವ್ನಿ ಜನ ಅದಕ್ಕೆ ಒಪ್ಪಿರಲಿಲ್ಲ. 1770ರ ಲೊಕೇಬರ್ ಒಪ್ಪಂದ ಚೆರೊಕೀ ಗಡಿಯನ್ನು ಸರಿಸಿತು. ಒಪ್ಪಂದಗಳ ವರ್ಷಗಳನ್ನು ಸರ್ವೇಗಳ ವರ್ಷಗಳ ಪಕ್ಕ ಇಟ್ಟು ನೋಡಿದರೆ ಅಳತೆಯ ಕೆಲಸ ಏಕೆ ಕೆಲವು ವರ್ಷಗಳಲ್ಲಿ ಮುಗಿಬಿದ್ದು ನಡೆಯಿತು, ಏಕೆ ರಕ್ತ ಹರಿಯಿತು ಎರಡೂ ತಿಳಿಯುತ್ತವೆ.

ಪ್ರೆಸ್ಟನ್ 1759ರಲ್ಲಿ ಟ್ರೂ ಬ್ಲೂ ಎಂಬ ಗುಲಾಮರ ಹಡಗಿನಿಂದ ಹದಿನಾರು ಆಫ್ರಿಕನ್ನರನ್ನು ಕೊಂಡ. ಸ್ಮಿತ್‌ಫೀಲ್ಡ್‌ನ ದುಡಿಮೆ ನಿಂತದ್ದು ಅವರ ಮತ್ತು ಅವರಂಥವರ ಬೆನ್ನ ಮೇಲೆ. ಅವರ ಹೆಸರುಗಳು ಸಿಗುವುದು ಆಸ್ತಿ ಪಟ್ಟಿಯಲ್ಲಿ, ಉಯಿಲಿನಲ್ಲಿ, ತೆರಿಗೆಯ ಲೆಕ್ಕದಲ್ಲಿ. ಬರಿಯ ಹೆಸರು, ಪಕ್ಕದಲ್ಲಿ ಬೆಲೆ. ಮುಂದಿನ ಕೊಂಡಿ 1866ರ ಸುಮಾರಿನಲ್ಲಿ ಬಿಡುಗಡೆಯಾದ ದಂಪತಿಗಳನ್ನು ದಾಖಲಿಸಿದ ಪಟ್ಟಿಗಳು, ಬಳಿಕ 1870ರ ಜನಗಣತಿ. ಪ್ರೆಸ್ಟನ್ ಮನೆತನದ ಬಳಿ ಗುಲಾಮರಾಗಿದ್ದ ಫ್ರ್ಯಾಕ್ಷನ್ ಕುಟುಂಬದ ಹೆಸರನ್ನು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 2019ರಲ್ಲಿ ತನ್ನ ಆವರಣದ ಒಂದು ಹಳೆಯ ಮನೆಗೆ ಇಟ್ಟಿತು. ಆಸ್ತಿ ಪಟ್ಟಿಯ ಪುಟ ತಿರುವುವಾಗ ಈ ಹೆಸರುಗಳನ್ನು ದಾಟಿಹೋಗಬೇಡಿ. ನಿಮ್ಮ ಕಡತದಲ್ಲಿ ಅವರಿಗೊಂದು ಪ್ರತ್ಯೇಕ ಹಾಳೆ ಇರಲಿ. ಅವರ ವಂಶದವರು ಇಂದು ಹುಡುಕುತ್ತಿರುವುದೂ ಇದೇ ಪುಟವನ್ನು.

ಕಡೆಗೆ ಕೂಡಿಸುವುದು

ಕೈಯಲ್ಲಿ ಮೂರು ಪಟ್ಟಿಗಳಿರಲಿ. ಒಂದು, ವರ್ಷವಾರು ಘಟನೆಗಳು. ಪ್ರತಿಯೊಂದಕ್ಕೂ ದಾಖಲೆ, ಪುಸ್ತಕ, ಪುಟ. ಎರಡು, ಜಮೀನುಗಳ ಪಟ್ಟಿ. ಹಳ್ಳ, ಎಕರೆ, ನೆರೆಯವರು, ಹೇಗೆ ಬಂತು, ಯಾರಿಗೆ ಹೋಯಿತು. ಒಬ್ಬನ ಹೆಸರಿಗೆ ಬಂದ ಜಮೀನು ಕ್ರಯಪತ್ರವಿಲ್ಲದೆ ಇನ್ನೊಬ್ಬನಿಂದ ಮಾರಾಟವಾಗಿದ್ದರೆ ನಡುವೆ ಒಂದು ವಾರಸಿಕೆ ಅಡಗಿದೆ. ಮೂರು, ಜನರ ಪಟ್ಟಿ. ಸಾಕ್ಷಿಗಳು, ಜಾಮೀನುದಾರರು, ಸರಪಳಿ ಹಿಡಿದವರು, ಸೇವಕರು, ಗುಲಾಮರು.

ಒಂದೇ ತೀರ್ಮಾನಕ್ಕೆ ಪರಸ್ಪರ ಸಂಬಂಧವಿಲ್ಲದ ಎರಡು ದಾಖಲೆಗಳಾದರೂ ಸಾಕ್ಷಿ ಹೇಳಬೇಕು. ವಿರುದ್ಧ ಹೇಳುವ ದಾಖಲೆಯನ್ನು ಮುಚ್ಚಿಡದೆ, ಅದನ್ನೇಕೆ ಒಪ್ಪಲಿಲ್ಲ ಎಂದು ಬರೆಯಬೇಕು. ಸರ್ವೇಯರ್ ತನ್ನ ಗೆರೆಗಳನ್ನು ಸುತ್ತಿ ತಂದು ಮೊದಲ ಮೂಲೆಗೇ ಕೂಡಿಸಿ ತೋರಿಸಬೇಕಿತ್ತು. ಅವನ ಬದುಕನ್ನು ಬರೆಯುವವರೂ ತಮ್ಮ ಪ್ರತಿ ಮಾತನ್ನು ಒಂದು ಕಾಗದದವರೆಗೆ ತಂದು ತೋರಿಸಬೇಕು. ಆಗ ಮುಂದಿನವರು ಅದೇ ದಾರಿಯಲ್ಲಿ ನಡೆದು ಪರೀಕ್ಷಿಸಬಹುದು, ತಪ್ಪಿದ್ದಲ್ಲಿ ತಿದ್ದಬಹುದು.